ಇಳಿಯುವ ವಿದ್ಯೆ

ಕಳೆದ ಕಾರ್ತಿಕ ಮಾಸದ ಒಂದು ಬೆಳಗ್ಗೆ ನಾನು ಸೈಕಲ್ಲಿನಿಂದ ಇಳಿದೆ. ಅಂದಿನಿಂದ ಮತ್ತೆ ಅದನ್ನು ಏರಿಲ್ಲ; ಇನ್ನು ಏರುವವನೂ ಅಲ್ಲ. ಇದು ಬಾನುಲಿಯಲ್ಲಿ ಸಾರಿ ಹೇಳಬೇಕಾದ ಸಂಗತಿಯೇ ಎಂದು ತಾವು ಕೇಳಬಹುದು. ಗೆದ್ದ ರಾಜ್ಯವನ್ನು ಬಿಟ್ಟು ತಪಸ್ಸಿಗೆ ಹೊರಟ ಬಾಹುಬಲಿಯ ಕಥೆಯನ್ನು ಪಂಪನು ಆದಿಪುರಾಣದಲ್ಲಿ ಹೇಳಿದ್ದಾನೆ. ಸೈಕಲ್ ಬಿಟ್ಟವನ ಕಥೆಯನ್ನು ಯಾವ ಕವಿಯೂ ಹೇಳಿದಂತೆ ಕಾಣೆ. ಹೇಳುವುದಕ್ಕೆ ಅದರಲ್ಲಿ ಹಿರಿಮೆಯೂ ಇಲ್ಲ. ಬಾಹುಬಲಿ ಗೆದ್ದು ಬಿಟ್ಟವನು. ನನ್ನಂಥವನು ಸೋತು ಬಿಡುವವನು. ಆದರೆ ಗೆದ್ದು ಬಿಡುವವರು ಯುಗಕ್ಕೊಬ್ಬರು. ಸೋತು ಬಿಡಬೇಕಾದವರು ಮನೆಗೊಬ್ಬರು ಇದ್ದೇವೆ. ಒಬ್ಬರು ಕನ್ನಡಕ ಬದಲಿಸಿದರೂ ಓದಲಾರದೆ ಪುಸ್ತಕ ಮುಚ್ಚುತ್ತಾರೆ. ಮತ್ತೊಬ್ಬರು ಹಾಡಲಾರದೆ ಶ್ರುತಿಪೆಟ್ಟಿಗೆಗೆ ಬಟ್ಟೆ ಹೊದಿಸುತ್ತಾರೆ. ಆ ಧೈರ್ಯದ ಮೇಲೆ ಈ ನಾಲ್ಕು ಮಾತು.

ನಾನು ಸೈಕಲ್ ಕಲಿತದ್ದು ೧೯೬೭ರಲ್ಲಿ, ಹುಣಸೂರಿನಲ್ಲಿ. ಆಗ ನನಗೆ ಹತ್ತು ವರ್ಷ. ಬಾಡಿಗೆ ಸೈಕಲ್ಲಿನ ಅಂಗಡಿಯಲ್ಲಿ ಅರ್ಧ ಗಂಟೆಗೆ ಹತ್ತು ಪೈಸೆ. ಸಣ್ಣ ಸೈಕಲ್ಲುಗಳು ಒಂದೆರಡು ಇದ್ದರೂ ಅವು ನಮ್ಮ ಪಾಲಿಗೆ ಬರುತ್ತಿರಲಿಲ್ಲ. ದೊಡ್ಡವರ ಸೈಕಲ್ಲನ್ನೇ ತೆಗೆದುಕೊಂಡು, ಬಾರಿನ ಕೆಳಗೆ ತ್ರಿಕೋನದೊಳಗೆ ಒಂದು ಕಾಲನ್ನು ತೂರಿಸಿ, ಮೈಯನ್ನೆಲ್ಲ ಒಂದು ಪಕ್ಕಕ್ಕೆ ವಾಲಿಸಿಕೊಂಡು ಒಳಪೆಡಲ್ ತುಳಿಯಬೇಕು. ನನ್ನ ಗೆಳೆಯ ಹಿಂದಿನ ಕ್ಯಾರಿಯರ್ ಹಿಡಿದು ಓಡಿ ಬರುತ್ತಿದ್ದ. “ಹಿಡಿದುಕೊಂಡಿದ್ದೇನೆ, ತುಳಿ” ಎಂದು ಅವನು ಕೂಗಿದ ಮಾತನ್ನು ನಂಬಿ ನಾನು ಸಂತೆಮಾಳವನ್ನು ಅರ್ಧ ಸುತ್ತಿದೆ. ದನಿ ಬಹಳ ದೂರದಿಂದ ಬರುತ್ತಿದೆಯಲ್ಲ ಎಂದು ಅನುಮಾನಿಸಿದಾಗಲೇ ತಿಳಿದದ್ದು, ಅವನು ಎಂದೋ ಕೈ ಬಿಟ್ಟಿದ್ದನೆಂದು. ಸೈಕಲ್ ನನಗೆ ಬಂದುಬಿಟ್ಟಿತ್ತು!

ಆ ಆನಂದ ಒಂದು ಸುತ್ತು ಮಾತ್ರ ಉಳಿಯಿತು. ಏರುವುದನ್ನು ಹೇಳಿಕೊಟ್ಟಿದ್ದರು, ತುಳಿಯುವುದನ್ನು ಹೇಳಿಕೊಟ್ಟಿದ್ದರು. ಇಳಿಯುವುದನ್ನು ಯಾರೂ ಹೇಳಿಕೊಟ್ಟಿರಲಿಲ್ಲ. ನಿಲ್ಲಿಸಿದರೆ ಬೀಳುತ್ತೇನೆ, ನಿಲ್ಲಿಸದಿದ್ದರೆ ಅರ್ಧ ಗಂಟೆ ಮೀರಿ ಇನ್ನೂ ಹತ್ತು ಪೈಸೆ ಕೊಡಬೇಕಾಗುತ್ತದೆ. ಹೀಗೆ ಸಂತೆಮಾಳವನ್ನು ಸುತ್ತಿ ಸುತ್ತಿ, ಕೊನೆಗೆ ಒಂದು ಹುಣಸೆಮರವನ್ನು ಎರಡು ಕೈಯಲ್ಲಿ ತಬ್ಬಿಕೊಂಡು ಇಳಿದೆ. ಸೈಕಲ್ಲು ತನ್ನ ಪಾಡಿಗೆ ತಾನು ಹೋಗಿ ಚರಂಡಿಗೆ ಬಿತ್ತು. ಆಗ ನಕ್ಕವರ ಜೊತೆಗೆ ನಾನೂ ನಕ್ಕಿದ್ದೆ. ಆದರೆ ಸೈಕಲ್ ವಿದ್ಯೆಯಲ್ಲಿ ಕಷ್ಟವಾದ ಪಾಠ ಇಳಿಯುವುದೇ ಎಂಬುದನ್ನು ಆ ಹುಣಸೆಮರ ಅಂದೇ ಹೇಳಿತ್ತು. ಅರ್ಥವಾಗುವುದಕ್ಕೆ ಐವತ್ತೆಂಟು ವರ್ಷ ಬೇಕಾಯಿತು.

ಕನ್ನಡ ಪಾಠ ಹೇಳಿದವನ ಚಾಳಿಯಿಂದ ಒಂದು ಮಾತು. ಸೈಕಲ್ ಎಂಬ ಇಂಗ್ಲಿಷ್ ಶಬ್ದದ ಮೂಲ ಗ್ರೀಕ್ ಭಾಷೆಯ ‘ಕುಕ್ಲೋಸ್’. ನಮ್ಮ ಸಂಸ್ಕೃತದ ‘ಚಕ್ರ’ವೂ ಅದೂ ಒಂದೇ ಬುಡದಿಂದ ಒಡೆದ ಎರಡು ಕೊಂಬೆಗಳೆಂದು ಭಾಷಾಶಾಸ್ತ್ರಜ್ಞರು ಹೇಳುತ್ತಾರೆ. ಅಂದರೆ ಸೈಕಲ್ಲು ನಮಗೆ ಹೊರಗಿನದಲ್ಲ, ದೂರದ ದಾಯಾದಿ. ೧೮೧೭ರಲ್ಲಿ ಜರ್ಮನಿಯ ಮಾನ್‌ಹೈಮ್ ನಗರದಲ್ಲಿ ಕಾರ್ಲ್ ಫಾನ್ ಡ್ರೈಸ್ ಎಂಬಾತ ಮರದ ಎರಡು ಚಕ್ರಗಳನ್ನು ಒಂದರ ಹಿಂದೊಂದು ಜೋಡಿಸಿ, ನೆಲವನ್ನು ಕಾಲಿನಿಂದ ಒದೆಯುತ್ತ ಓಡಿಸಿದ. ಅದಕ್ಕೆ ಪೆಡಲ್ ಇರಲಿಲ್ಲ. ಇಂದು ನಾವು ಕಾಣುವಂತೆ ಎರಡೂ ಸಮನಾದ ಚಕ್ರಗಳು, ಹಿಂದಿನ ಚಕ್ರಕ್ಕೆ ಚೈನು ಇರುವ ರೂಪವನ್ನು ೧೮೮೫ರಲ್ಲಿ ಇಂಗ್ಲೆಂಡಿನ ಕೋವೆಂಟ್ರಿಯ ಜಾನ್ ಕೆಂಪ್ ಸ್ಟಾರ್ಲಿ ರೂಢಿಗೆ ತಂದ. ೧೮೮೮ರಲ್ಲಿ ಬೆಲ್‌ಫಾಸ್ಟಿನ ಪಶುವೈದ್ಯ ಜಾನ್ ಬಾಯ್ಡ್ ಡನ್‌ಲಪ್ ತನ್ನ ಗಾಳಿ ತುಂಬಿದ ಟೈರಿಗೆ ಹಕ್ಕುಪತ್ರ ಪಡೆದ. ಮಗನ ಮೂರು ಗಾಲಿಯ ಸೈಕಲ್ಲು ಕಲ್ಲುಹಾದಿಯಲ್ಲಿ ಕುಲುಕಾಡಬಾರದೆಂದು ಅವನು ಹೂಡಿದ ಉಪಾಯವದು. ಒಬ್ಬ ತಂದೆಯ ಅಕ್ಕರೆಯ ಮೇಲೆ ಲೋಕವೆಲ್ಲ ಇಂದಿಗೂ ಸವಾರಿ ಮಾಡುತ್ತಿದೆ.

ನನ್ನ ಸ್ವಂತ ಸೈಕಲ್ಲು ಬಂದುದು ೧೯೮೨ರಲ್ಲಿ. ಮಾನಸಗಂಗೋತ್ರಿಯಲ್ಲಿ ಎಂ.ಎ. ಮುಗಿಸಿ, ಕಾಲೇಜೊಂದರಲ್ಲಿ ಅಧ್ಯಾಪಕನಾಗಿ ಸೇರಿ, ಮೊದಲ ಕೆಲವು ತಿಂಗಳ ಸಂಬಳದಲ್ಲಿ ಉಳಿಸಿ ಕೊಂಡದ್ದು. ಕಪ್ಪು ಬಣ್ಣ, ಚೈನಿಗೆ ಪೂರ್ತಿ ಕವಚ, ಹಿಂದೆ ಕ್ಯಾರಿಯರ್, ಮುಂದೆ ಡೈನಮೋ ದೀಪ. ನಲವತ್ತು ವರ್ಷಕ್ಕೂ ಮಿಕ್ಕಿ ಅದು ನನ್ನನ್ನು ಹೊತ್ತಿದೆ. ಈ ಅವಧಿಯಲ್ಲಿ ಅದರ ರಿಮ್ಮುಗಳು ಬದಲಾದವು, ಸೀಟು ಮೂರು ಸಲ ಬದಲಾಯಿತು, ಟೈರುಗಳ ಲೆಕ್ಕ ಇಟ್ಟಿಲ್ಲ. ಮೊದಲಿನಿಂದ ಉಳಿದು ಬಂದದ್ದು ಎರಡೇ: ಚೌಕಟ್ಟು ಮತ್ತು ಗಂಟೆ. ಗಂಟೆಯ ಒಳಗಿನ ಸ್ಪ್ರಿಂಗು ಯಾವಾಗಲೋ ಸಡಿಲಗೊಂಡು, ಒತ್ತಿದರೆ ಒಂದು ಪೂರ್ತಿ ಸದ್ದು, ಮತ್ತೊಂದು ಅರ್ಧ ಸದ್ದು ಬರುತ್ತಿತ್ತು. ಆ ಒಂದೂವರೆ ಸದ್ದು ಕೇಳಿದರೆ ನಮ್ಮ ಬೀದಿಯ ಮಕ್ಕಳು “ಮೇಷ್ಟ್ರು ಬಂದರು” ಎಂದು ಗೋಲಿಗಳನ್ನು ಬಾಚಿಕೊಳ್ಳುತ್ತಿದ್ದರು.

ಸರಸ್ವತಿಪುರಂನ ಮನೆಯಿಂದ ಕಾಲೇಜಿಗೆ ಹೋಗಿ ಬರುವ ಹೊತ್ತು ನನ್ನದೇ ಆದ ಹೊತ್ತು. ಮನೆಯಲ್ಲಿ ಸಂಸಾರ, ಕಾಲೇಜಿನಲ್ಲಿ ವಿದ್ಯಾರ್ಥಿಗಳು. ನಡುವಣ ಅರ್ಧ ಗಂಟೆ ನನಗೂ ಕಾವ್ಯಕ್ಕೂ ಮೀಸಲು. ಅಂದಿನ ಪಾಠವನ್ನು ತುಳಿಯುತ್ತಲೇ ಹೊಂದಿಸಿಕೊಳ್ಳುತ್ತಿದ್ದೆ. ಛಂದಸ್ಸಿನ ಪಾಠಕ್ಕಂತೂ ಸೈಕಲ್ಲಿಗಿಂತ ಒಳ್ಳೆಯ ಉಪಕರಣವಿಲ್ಲ. ಸಮನಾದ ರಸ್ತೆಯಲ್ಲಿ ಎರಡು ಕಾಲೂ ಸಮವಾಗಿ ಇಳಿದು, ನಾಲ್ಕು ನಾಲ್ಕು ಮಾತ್ರೆಯ ಪರಿವರ್ಧಿನಿ ತಾನಾಗಿ ಬರುತ್ತದೆ. ಮುಂದೆ ಬಲಮಂಡಿ ನೋಯಲು ತೊಡಗಿದ ಮೇಲೆ, ಏರಿನಲ್ಲಿ ಬಲಗಾಲು ಮೂರು ಮಾತ್ರೆಗೇ ನಿಂತು ಎಡಗಾಲು ನಾಲ್ಕು ಮಾತ್ರೆ ತುಳಿಯತೊಡಗಿತು. ಮೂರು–ನಾಲ್ಕು, ಮೂರು–ನಾಲ್ಕು: ಅಪ್ಪಟ ಭಾಮಿನಿ ಷಟ್ಪದಿ! ಇದನ್ನು ತರಗತಿಯಲ್ಲಿ ಹೇಳಿದಾಗ ಮಕ್ಕಳು ನಕ್ಕರು. ಪರೀಕ್ಷೆಯಲ್ಲಿ ಆ ಪ್ರಶ್ನೆಯನ್ನು ಯಾರೂ ತಪ್ಪು ಮಾಡಲಿಲ್ಲ. ಆದರೆ ಆ ಮೂರು ಮಾತ್ರೆ ಮಂಡಿ ಕಳಿಸಿದ ಮೊದಲ ಓಲೆಯೆಂದು ನನಗೆ ತೋರಲಿಲ್ಲ.

೨೦೧೭ರಲ್ಲಿ ನಾನು ನಿವೃತ್ತನಾದೆ. ಆ ವರ್ಷ ಸೈಕಲ್ಲಿನ ವರ್ಷವೆಂದೇ ನನಗೆ ಅನ್ನಿಸಿತು. ಜೂನ್ ತಿಂಗಳಲ್ಲಿ ನಮ್ಮ ಮೈಸೂರಿನಲ್ಲಿ ‘ಟ್ರಿಣ್ ಟ್ರಿಣ್’ ಎಂಬ ಹೆಸರಿನ ಸಾರ್ವಜನಿಕ ಸೈಕಲ್ ವ್ಯವಸ್ಥೆ ಆರಂಭವಾಯಿತು. ಒಂದು ನಿಲ್ದಾಣದಲ್ಲಿ ಸೈಕಲ್ ತೆಗೆದುಕೊಂಡು ಇನ್ನೊಂದರಲ್ಲಿ ಬಿಡಬಹುದಾಗಿತ್ತು. ಅದೇ ವರ್ಷದ ಜನವರಿಯಲ್ಲಿ ಫ್ರಾನ್ಸಿನ ರೊಬೆರ್ ಮಾರ್ಶಾಂ ಎಂಬ ವೃದ್ಧರು ತಮ್ಮ ೧೦೫ನೆಯ ವಯಸ್ಸಿನಲ್ಲಿ ಒಂದು ಗಂಟೆಯಲ್ಲಿ ೨೨ ಕಿಲೋಮೀಟರಿಗೂ ಹೆಚ್ಚು ದೂರ ಸೈಕಲ್ ತುಳಿದರೆಂಬ ಸುದ್ದಿಯನ್ನು ಓದಿದ್ದೆ. ಅವರಿಗೆ ನೂರೈದು, ನನಗೆ ಅರವತ್ತು. ಇನ್ನೂ ನಲವತ್ತೈದು ವರ್ಷ ನಿಶ್ಚಿಂತೆ ಎಂದು ಮನೆಯಲ್ಲಿ ಘೋಷಿಸಿದೆ. ನನ್ನ ಪತ್ನಿ ಕಾಫಿಯ ಲೋಟವನ್ನು ಮುಂದಿಡುತ್ತ, “ಅವರು ತುಳಿದದ್ದು ಎಲ್ಲಿ?” ಎಂದು ಕೇಳಿದರು. ಪತ್ರಿಕೆಯನ್ನು ಮತ್ತೆ ತೆರೆದು ನೋಡಿದೆ. ಛಾವಣಿಯುಳ್ಳ ಪಂದ್ಯದ ಪಥ. ಅಲ್ಲಿ ಆಟೋ ಇಲ್ಲ, ನಾಯಿ ಇಲ್ಲ, ರಸ್ತೆ ಅಗೆದು ಮುಚ್ಚದ ಗುಂಡಿ ಇಲ್ಲ. ಈ ವಿವರವನ್ನು ನಾನು ಜೋರಾಗಿ ಓದಲಿಲ್ಲ.

ಮತ್ತೊಬ್ಬ ಹಿರಿಯರ ಹೆಸರನ್ನೂ ನಾನು ಗುರಾಣಿಯಂತೆ ಬಳಸುತ್ತಿದ್ದೆ. ಟಾಲ್‌ಸ್ಟಾಯ್ ಸೈಕಲ್ ಕಲಿತದ್ದು ೧೮೯೫ರಲ್ಲಿ, ಅರವತ್ತಾರು ತುಂಬಿದ ಮೇಲೆ. ‘ಯುದ್ಧ ಮತ್ತು ಶಾಂತಿ’ ಬರೆದ ಮಹಾನುಭಾವ ಈ ವಯಸ್ಸಿನಲ್ಲಿ ಕಲಿಯಬಹುದಾದರೆ, ಕಲಿತ ನಾನು ಈ ವಯಸ್ಸಿನಲ್ಲಿ ಬಿಡುವುದೇಕೆ? ಆದರೆ ಆ ಕಥೆಗೆ ಇನ್ನೊಂದು ಪಾರ್ಶ್ವವಿದೆ. ಅದೇ ವರ್ಷದ ಫೆಬ್ರವರಿಯಲ್ಲಿ ಅವರ ಕಿರಿಯ ಮಗ, ಏಳೂ ತುಂಬದ ವಾನ್ಯ, ಜ್ವರದಲ್ಲಿ ತೀರಿಕೊಂಡಿದ್ದ. ಆ ದುಃಖದ ಬೆನ್ನಲ್ಲೇ ಆ ಮುದುಕ ಮಕ್ಕಳಂತೆ ಸೈಕಲ್ ಕಲಿಯಲು ಹೊರಟದ್ದು. ಅವರು ಕಲಿತದ್ದೇಕೆಂದು ಹೇಳಲು ನಾನಾರು? ಮನುಷ್ಯನಿಗೆ ಎರಡು ಚಕ್ರಗಳು ಬರಿಯ ವಾಹನವಲ್ಲ, ಕೆಲವೊಮ್ಮೆ ಆಸರೆ ಎಂಬಷ್ಟು ಮಾತ್ರ ನನಗೆ ಅರ್ಥವಾಗುತ್ತದೆ.

ಇನ್ನು ನನ್ನ ಶರೀರದ ವಿಚಾರ. ಸೈಕಲ್ ಬಿಡಿಸುವುದು ಮಂಡಿ ಎಂದು ಎಲ್ಲರೂ ತಿಳಿಯುತ್ತಾರೆ. ಕರ್ಣನನ್ನು ನಡುಯುದ್ಧದಲ್ಲಿ ಬಿಟ್ಟು ರಥದಿಂದ ಇಳಿದುಹೋದ ಶಲ್ಯನಂತೆ ಒಂದು ದಿನ ಮಂಡಿಗಳು ಕೈಕೊಡುತ್ತವೆ ಎಂದು ನಾನೂ ಸಿದ್ಧನಾಗಿದ್ದೆ. ಆದರೆ ಮಂಡಿಗಳು ನೋಯುತ್ತಲೇ ನಿಷ್ಠೆಯಿಂದ ಉಳಿದವು. ಬಿಟ್ಟುಹೋದದ್ದು ಬೇರೆ ಏನೋ. ಮೊದಲು ಕುತ್ತಿಗೆ. ತಿರುವಿನಲ್ಲಿ ಹಿಂದೆ ಬರುವ ವಾಹನವನ್ನು ನೋಡಲು ತಲೆ ತಿರುಗಿಸಿದರೆ ಭುಜದ ತನಕ ಹೋಗಿ ಅಲ್ಲೇ ನಿಲ್ಲುತ್ತಿತ್ತು. ಆಮೇಲೆ ಕಿವಿ. ಹಿಂದಿನಿಂದ ಬರುವ ಸದ್ದು ಎಡದಿಂದಲೋ ಬಲದಿಂದಲೋ ತಿಳಿಯದಾಯಿತು. ಅನಂತರ ಅಂಗಾಲು. ಹನ್ನೆರಡು ವರ್ಷದ ಸಕ್ಕರೆ ಕಾಯಿಲೆಯ ಫಲವಾಗಿ ಪೆಡಲಿನ ಮೇಲೆ ಕಾಲಿದೆಯೋ ಜಾರಿದೆಯೋ ಎಂಬುದನ್ನು ಕಣ್ಣಿನಿಂದ ನೋಡಿ ತಿಳಿಯಬೇಕಾಯಿತು.

ಇವನ್ನೆಲ್ಲ ನಾನು ಯಾರಿಗೂ ಹೇಳಲಿಲ್ಲ. ಎರಡು ಸಲ ಬಿದ್ದೆ. ಒಮ್ಮೆ ಮೊಣಕೈ ತರಚಿದ್ದನ್ನು ಬಚ್ಚಲಮನೆಯ ಬಾಗಿಲಿನ ಮೇಲೆ ಹಾಕಿದೆ. ಇನ್ನೊಮ್ಮೆ ಪಂಚೆಗೆ ಹತ್ತಿದ ಕೆಸರನ್ನು ನಾನೇ ಒಗೆದುಕೊಂಡೆ. ನಲವತ್ತು ವರ್ಷದ ಸಂಸಾರದಲ್ಲಿ ಎಂದೂ ಪಂಚೆ ಒಗೆಯದವನು ಅಂದು ಒಗೆದದ್ದೇ ಸಾಕ್ಷಿಯಾಗಿ ನನ್ನ ಪತ್ನಿಗೆ ಎಲ್ಲ ತಿಳಿದುಹೋಗಿತ್ತೆಂದು ಈಚೆಗೆ ಗೊತ್ತಾಯಿತು. ಅವರು ಏನೂ ಕೇಳಲಿಲ್ಲ. ದಿನವೂ ನಾನು ಹಿಂತಿರುಗುವ ಹೊತ್ತಿಗೆ ಗೇಟಿನ ಬಳಿ ತುಳಸಿಗೆ ನೀರು ಹಾಕುತ್ತ ನಿಂತಿರುತ್ತಿದ್ದರು. ಸಂಜೆಯ ಆರು ಗಂಟೆಗೆ ತುಳಸಿಗೆ ಅಷ್ಟು ನೀರೇಕೆ ಎಂದು ನಾನೂ ಕೇಳಲಿಲ್ಲ.

ಬದಲಿಗೆ ಒಂದು ಉಪಾಯ ಮಾಡಿದೆ: ನಿಧಾನವಾಗಿ ತುಳಿಯತೊಡಗಿದೆ. ‘ನಿಧಾನವೇ ಪ್ರಧಾನ’ ಎಂಬುದು ನಮ್ಮ ಹಿರಿಯರ ಗಾದೆ. ಅವರು ಸೈಕಲ್ಲನ್ನು ಕಂಡಿರಲಿಲ್ಲ. ಸೈಕಲ್ ಸವಾರಿಯೆಂದರೆ ಬೀಳುವುದನ್ನು ಕ್ಷಣಕ್ಷಣವೂ ತಪ್ಪಿಸಿಕೊಳ್ಳುವುದು. ಎಡಕ್ಕೆ ವಾಲಿದರೆ ಹ್ಯಾಂಡಲ್ ಎಡಕ್ಕೇ ತಿರುಗಬೇಕು. ಆಗ ಚಕ್ರಗಳು ವಾಲಿದ ಮೈಯ ಅಡಿಗೆ ಬಂದು ಎತ್ತಿ ನಿಲ್ಲಿಸುತ್ತವೆ. ಸುತ್ತುವ ಚಕ್ರ ಬುಗುರಿಯಂತೆ ನಿಲ್ಲುವುದರಿಂದಲೇ ಸೈಕಲ್ಲು ನಿಲ್ಲುತ್ತದೆ ಎಂದು ಬಹುಕಾಲ ಹೇಳುತ್ತಿದ್ದರು. ಆ ಗುಣವಿಲ್ಲದೆಯೂ ಸೈಕಲ್ಲು ತಾನಾಗಿ ಸಮತೋಲ ಕಾಯಬಲ್ಲದೆಂದು ೨೦೧೧ರಲ್ಲಿ ವಿಜ್ಞಾನಿಗಳು ಒಂದು ವಿಶೇಷ ಸೈಕಲ್ಲನ್ನು ಕಟ್ಟಿ ತೋರಿಸಿದರು. ಕಾರಣ ಏನೇ ಇರಲಿ, ವೇಗವಿದ್ದಾಗ ಹ್ಯಾಂಡಲನ್ನು ಕೂದಲೆಳೆಯಷ್ಟು ತಿರುಗಿಸಿದರೆ ಸಾಕು. ವೇಗ ತಗ್ಗಿದಷ್ಟೂ ಹೆಚ್ಚು ಹೆಚ್ಚು ತಿರುಗಿಸಬೇಕು. ನಿಧಾನವಾಗಿ ಹೋಗುವ ಮುದುಕ ರಸ್ತೆಯಲ್ಲಿ ಹಾವಿನಂತೆ ಹರಿದಾಡುವುದು ಅದಕ್ಕೆ. ನಾನು ಜಾಗ್ರತೆಯೆಂದು ತಿಳಿದದ್ದೇ ಅಪಾಯವಾಗಿತ್ತು.

ಆ ಬೆಳಗ್ಗೆ ನಾನು ಮಾನಸಗಂಗೋತ್ರಿಯ ಕಡೆಯಿಂದ ಮನೆಗೆ ಬರುತ್ತಿದ್ದೆ. ಹಿಂದೆ ಒಂದು ಗಂಟೆಯ ಸದ್ದಾಯಿತು. ಯಾವ ಪಕ್ಕದಿಂದ ಎಂದು ತಿಳಿಯದೆ ಕುತ್ತಿಗೆ ತಿರುಗಿಸಲು ಹೋದೆ. ಕುತ್ತಿಗೆ ತಿರುಗಲಿಲ್ಲ, ಹ್ಯಾಂಡಲ್ ತಿರುಗಿತು. ನನ್ನನ್ನು ದಾಟುತ್ತಿದ್ದ ಶಾಲೆಯ ಹುಡುಗಿಯೊಬ್ಬಳು ನನಗೆ ತಾಗಬಾರದೆಂದು ತನ್ನ ಸೈಕಲ್ಲನ್ನು ರಸ್ತೆಯ ಅಂಚಿಗೆ ಎಳೆದುಕೊಂಡು, ಜಲ್ಲಿಯ ಮೇಲೆ ಜಾರಿ ಬಿದ್ದಳು. ನಾನು ಬೀಳಲಿಲ್ಲ. ಹಿಂದೆ ಒಂದು ಕಾರು ಕೀರಲುಗುಟ್ಟಿ ನಿಂತಿತು. ಅವಳ ತಲೆಗೂ ಅದರ ಚಕ್ರಕ್ಕೂ ನಡುವೆ ಎಷ್ಟು ಅಂತರವಿತ್ತೆಂಬುದನ್ನು ನಾನು ಇಲ್ಲಿ ಹೇಳಲಾರೆ. ರಾತ್ರಿ ಎಚ್ಚರವಾದಾಗ ಆ ಅಂತರ ಇನ್ನೂ ಕಣ್ಣಿಗೆ ಕಟ್ಟುತ್ತದೆ.

ಹುಡುಗಿ ಎದ್ದಳು. ಅಂಗೈ ತರಚಿ ರಕ್ತ ಬರುತ್ತಿತ್ತು; ಲಂಗಕ್ಕೆ ಮಣ್ಣು. ಕೊಡವಿಕೊಳ್ಳುವ ಮೊದಲೇ ನನ್ನ ಕಡೆ ನೋಡಿ, “ತಾತ, ನಿಮಗೇನೂ ಆಗಲಿಲ್ಲವಲ್ಲ?” ಎಂದು ಕೇಳಿದಳು. ಅವಳು ಬೈದಿದ್ದರೆ ನಾನು ಒಂದು ಸಮಜಾಯಿಷಿ ಹೇಳಿ ಸೈಕಲ್ ಏರಿ ಮನೆಗೆ ಹೋಗುತ್ತಿದ್ದೆನೇನೋ. ಅವಳ ಕೈ ತೊಳೆಸಿ, ಹತ್ತಿರದ ಔಷಧದ ಅಂಗಡಿಯಲ್ಲಿ ಪಟ್ಟಿ ಕಟ್ಟಿಸಿದೆ. ಅವಳು ನಗರದ ಅಂಚಿನ ಹಳ್ಳಿಯಿಂದ ಬರುವವಳು. ಆ ಸೈಕಲ್ಲು ಅವಳ ಅಕ್ಕನಿಗೆ ಶಾಲೆಯಲ್ಲಿ ಸಿಕ್ಕಿದ್ದಂತೆ. ೨೦೦೬–೦೭ರಲ್ಲಿ ನಮ್ಮ ಸರ್ಕಾರ ಎಂಟನೆಯ ತರಗತಿಯ ಮಕ್ಕಳಿಗೆ ಸೈಕಲ್ ಕೊಡಲು ತೊಡಗಿದಾಗ, ಹಳ್ಳಿಯ ರಸ್ತೆಗಳಲ್ಲಿ ಎರಡು ಜಡೆಗಳು ಸಾಲಾಗಿ ಸವಾರಿ ಹೊರಟದ್ದನ್ನು ನೋಡಿ ಸಂತೋಷಪಟ್ಟವರಲ್ಲಿ ನಾನೂ ಒಬ್ಬ. ಅಂಥ ಒಂದು ಸೈಕಲ್ಲಿನ ಮುಂಚಕ್ರವನ್ನು ನಾನು ಸೊಟ್ಟ ಮಾಡಿಸಿದ್ದೆ. ಚಕ್ರದ ಬೆಂಡು ತೆಗೆಸಿ ಅವಳನ್ನು ಶಾಲೆಗೆ ಕಳಿಸಿದ ಮೇಲೆ, ನನ್ನ ಸೈಕಲ್ಲನ್ನು ತಳ್ಳಿಕೊಂಡು ಮನೆಗೆ ನಡೆದೆ.

ಆವರೆಗೆ ನನ್ನ ವಾದ ಒಂದೇ: ಬಿದ್ದರೆ ನನ್ನ ಮೂಳೆ, ನೋವು ನನ್ನದು, ಇದರಲ್ಲಿ ಇತರರಿಗೇನು? ಆ ವಾದ ಅಂದು ಜಲ್ಲಿಯ ಮೇಲೆ ಬಿತ್ತು. ರಸ್ತೆ ಎಲ್ಲರದು. ನನ್ನ ಹಟದ ಬೆಲೆಯನ್ನು ಹದಿನಾಲ್ಕು ವರ್ಷದ ಹುಡುಗಿ ತೆರಬೇಕೆಂದು ಯಾವ ನ್ಯಾಯವೂ ಹೇಳುವುದಿಲ್ಲ.

ಮಾರನೆಯ ದಿನ ವೈದ್ಯರ ಬಳಿಗೆ ಹೋದೆ. ಅವರು ನನ್ನ ಹಳೆಯ ವಿದ್ಯಾರ್ಥಿ, ಪಿ.ಯು.ಸಿ.ಯಲ್ಲಿ ನನ್ನಿಂದ ಕನ್ನಡ ಕಲಿತವರು. ಕಣ್ಣು ಮುಚ್ಚಿ ಎರಡು ಪಾದಗಳನ್ನೂ ಜೋಡಿಸಿ ನಿಲ್ಲಲು ಹೇಳಿದರು. ನಿಂತೆ, ಮೂರು ಎಣಿಸುವುದರೊಳಗೆ ವಾಲಿದೆ. “ಸಾರ್, ನೆಟ್ಟಗೆ ನಿಲ್ಲುವುದಕ್ಕೆ ಮೂರು ಸಾಕ್ಷಿಗಳು ಬೇಕು” ಎಂದರು. ಒಂದು ಕಣ್ಣು. ಎರಡನೆಯದು ಒಳಗಿವಿಯಲ್ಲಿರುವ ಮೂರು ಪುಟ್ಟ ಬಾಗುನಾಳಗಳು; ತಲೆ ತಿರುಗಿದರೆ ಅವುಗಳೊಳಗಿನ ದ್ರವ ಅಲುಗಿ ಮೆದುಳಿಗೆ ಸುದ್ದಿ ಮುಟ್ಟಿಸುತ್ತದೆ. ಮೂರನೆಯದು ಅಂಗಾಲು ಮತ್ತು ಕೀಲುಗಳ ನರಗಳು. ಒಬ್ಬ ಸಾಕ್ಷಿ ತಪ್ಪಿದರೆ ಉಳಿದಿಬ್ಬರಿಂದ ಮೊಕದ್ದಮೆ ನಡೆದೀತು. “ನಿಮಗೆ ಒಬ್ಬ ಸಾಕ್ಷಿ ಇಲ್ಲ, ಇನ್ನೊಬ್ಬ ತೊದಲುತ್ತಾನೆ” ಎಂದು ನಕ್ಕರು. ಮಾತು ಇಷ್ಟು ಸ್ವಚ್ಛವಾಗಿದ್ದುದನ್ನು ಕಂಡು, ಕನ್ನಡ ಮೇಷ್ಟ್ರಾಗಿ ಹೆಮ್ಮೆಪಡುವುದೋ ರೋಗಿಯಾಗಿ ವ್ಯಥೆಪಡುವುದೋ ತಿಳಿಯಲಿಲ್ಲ.

ಅವರೇ ಇನ್ನೊಂದು ಸಂಗತಿ ಹೇಳಿದರು. ನೆದರ್ಲೆಂಡ್ಸ್ ದೇಶದಲ್ಲಿ ಸೈಕಲ್ಲಿಗೆ ಪ್ರತ್ಯೇಕ ಹಾದಿಗಳಿವೆ. ಎಪ್ಪತ್ತು ದಾಟಿದವರೂ ನೆಮ್ಮದಿಯಿಂದ ತುಳಿಯುತ್ತಾರೆ. ಅಲ್ಲಿಯೂ ವೃದ್ಧರು ಬೀಳುವುದು ಓಡುವಾಗ ಮಾತ್ರವಲ್ಲ. ಏರುವಾಗ ಮತ್ತು ಇಳಿಯುವಾಗ ಬೀಳುವವರು ಬಹಳವಂತೆ. ನನಗೆ ಸಂತೆಮಾಳದ ಹುಣಸೆಮರ ನೆನಪಾಯಿತು.

ಬಿಡುವುದೆಂದು ನಿಶ್ಚಯಿಸಿದ್ದು ಒಂದು ದಿನ. ಬಿಟ್ಟದ್ದು ಮೂರು ತಿಂಗಳ ಮೇಲೆ. ಈ ನಡುವಣ ಕಥೆ ನಾಚಿಕೆಯದು, ಆದರೂ ಹೇಳುತ್ತೇನೆ. ಸೈಕಲ್ ಏರುವುದನ್ನು ಬಿಟ್ಟೆನೇ ಹೊರತು ಸೈಕಲ್ಲನ್ನು ಬಿಡಲಾಗಲಿಲ್ಲ. ದಿನವೂ ಅದನ್ನು ತಳ್ಳಿಕೊಂಡೇ ಮಾರುಕಟ್ಟೆಗೂ ಗ್ರಂಥಾಲಯಕ್ಕೂ ಹೋಗುತ್ತಿದ್ದೆ. ಹ್ಯಾಂಡಲ್ ಹಿಡಿದು ನಡೆದರೆ ಮೈಗೆ ಆಸರೆ, ಚೀಲಗಳಿಗೆ ಕ್ಯಾರಿಯರ್, ಕಂಡವರಿಗೆ ಇವರಿನ್ನೂ ಸೈಕಲ್ ಬಿಟ್ಟಿಲ್ಲ ಎಂಬ ಭಾವನೆ. ಊರುಗೋಲು ಹಿಡಿಯಲು ಸಂಕೋಚಪಟ್ಟವನು ಇಪ್ಪತ್ತು ಸೇರಿನ ಊರುಗೋಲನ್ನು ಹಿಡಿದಿದ್ದೆ. ಪರಿಚಿತರು, “ಏಕೆ ಸಾರ್, ತಳ್ಳಿಕೊಂಡು ಹೋಗುತ್ತಿದ್ದೀರಿ?” ಎಂದು ಕೇಳಿದರೆ, “ಪಂಚರ್ ಆಗಿದೆ” ಎನ್ನುತ್ತಿದ್ದೆ. ಮೂರು ತಿಂಗಳು ಪಂಚರ್!

ಈ ಸುಳ್ಳು ಹೋಗಿ ಮುಟ್ಟಿದ್ದು ಯಾರಿಗೆ ಮುಟ್ಟಬಾರದೋ ಅವರಿಗೇ. ನಮ್ಮ ಬೀದಿಯ ಕೊನೆಯಲ್ಲಿ ಸೈಕಲ್ ರಿಪೇರಿಯ ಸಾಬರ ಅಂಗಡಿಯಿದೆ. ಒಂದು ದಿನ ನಾನು ಅದರ ಮುಂದೆ ತಳ್ಳಿಕೊಂಡು ಹೋಗುತ್ತಿದ್ದಾಗ ಕೂಗಿ ಕರೆದರು. “ಪಂಚರ್ ಅಂತೆ, ಮೇಷ್ಟ್ರೇ? ನಮ್ಮ ಅಂಗಡಿ ಬಿಟ್ಟು ಎಲ್ಲಿಗೆ ಹೋಗ್ತಿದ್ದೀರಿ?” ಎಂದು ಬಗ್ಗಿ ಎರಡು ಟೈರುಗಳನ್ನೂ ಹೆಬ್ಬೆರಳಿನಿಂದ ಒತ್ತಿ ನೋಡಿದರು. ಗಾಳಿ ಕಲ್ಲಿನಂತಿತ್ತು. ಅವರು ನನ್ನ ಮುಖ ನೋಡಿದರು. ನಾನು ಬೀದಿ ನೋಡಿದೆ. ಅವರೇನೂ ಹೇಳದೆ ಸ್ಟೂಲು ಎಳೆದು, “ಕೂತ್ಕೊಳ್ಳಿ ಮೇಷ್ಟ್ರೇ, ಟೀ ತರಿಸ್ತೀನಿ” ಎಂದರು. ಟೀ ಕುಡಿಯುತ್ತ, ತಾವು ಕೈಪಂಪು ಒತ್ತುವುದನ್ನು ಬಿಟ್ಟು ನಾಲ್ಕು ವರ್ಷವಾಯಿತೆಂದೂ, ಈಗ ಗಾಳಿಯ ಯಂತ್ರವಿದೆಯೆಂದೂ, ಚಕ್ರದ ಬೆಂಡು ತೆಗೆಯುವುದನ್ನೂ ಈಗ ಮಗನೇ ನೋಡಿಕೊಳ್ಳುತ್ತಾನೆಂದೂ, ತಮಗೆ ಕಡ್ಡಿ ನೆಟ್ಟಗೆ ಕಾಣುವುದಿಲ್ಲವೆಂದೂ ಹೇಳಿದರು. ಹೇಳುವಾಗ ಅವರ ದನಿಯಲ್ಲಿ ಅಳಲಿರಲಿಲ್ಲ. ಹವೆಯ ಸಮಾಚಾರ ಹೇಳುವಂತೆ ಹೇಳಿದರು. ನನ್ನ ಎಂ.ಎ. ನನಗೆ ಕಲಿಸದ ಧಾಟಿ ಅದು.

ಅಂದೇ ಸೈಕಲ್ಲನ್ನು ಅವರಲ್ಲಿ ಬಿಟ್ಟೆ. ಯಾರಾದರೂ ಬಡವರಿಗೆ ಹಾಗೆಯೇ ಕೊಟ್ಟುಬಿಡಿ ಎಂದೆ. ಸಾಬರು ಒಪ್ಪಲಿಲ್ಲ. “ಪುಕ್ಕಟೆ ಬಂದ ಗಾಡಿಗೆ ಯಾರೂ ಎಣ್ಣೆ ಬಿಡೋದಿಲ್ಲ, ಮೇಷ್ಟ್ರೇ” ಎಂದು ಎಂಟುನೂರು ರೂಪಾಯಿ ನಿಗದಿ ಮಾಡಿದರು. ಬರಿಗೈಯಲ್ಲಿ ಮನೆಗೆ ನಡೆದಾಗ ಕೈಗಳನ್ನು ಎಲ್ಲಿಡಬೇಕೆಂದು ತಿಳಿಯಲಿಲ್ಲ. ತುಳಸಿಯ ಬಳಿ ನಿಂತಿದ್ದ ನನ್ನ ಪತ್ನಿ ಬೀದಿಯನ್ನೊಮ್ಮೆ, ನನ್ನ ಕೈಗಳನ್ನೊಮ್ಮೆ ನೋಡಿ, “ಬನ್ನಿ, ಕಾಫಿ ಆರುತ್ತಿದೆ” ಎಂದರು. ಮರುದಿನದಿಂದ ತುಳಸಿಗೆ ಸಂಜೆಯ ನೀರು ನಿಂತಿತು.

ಬೆಂಗಳೂರಿನಲ್ಲಿರುವ ಮಗ, ತಂದೆಗೆ ಬೇಸರವಾದೀತೆಂದು, ನಿಂತಲ್ಲೇ ತುಳಿಯುವ ಒಂದು ಸೈಕಲ್ ಯಂತ್ರವನ್ನು ಕಳಿಸಿಕೊಟ್ಟ. ಮಂಡಿಗೆ ಒಳ್ಳೆಯದೆಂದು ವೈದ್ಯರೂ ಹೇಳಿದರು. ದಿನಕ್ಕೆ ಹದಿನೈದು ನಿಮಿಷ ತುಳಿಯುತ್ತೇನೆ. ಎಷ್ಟು ತುಳಿದರೂ ಅದೇ ಗೋಡೆ, ಅದೇ ಕ್ಯಾಲೆಂಡರು. ಗಾಣದ ಎತ್ತಾದರೂ ಸುತ್ತು ಹೊಡೆಯುತ್ತದೆ. ಆದರೂ ದೂರಲಾರೆ, ಮಂಡಿ ಈಗ ಮೆಟ್ಟಿಲು ಹತ್ತುವಾಗ ಮೊದಲಿಗಿಂತ ಕಡಿಮೆ ನೋಯುತ್ತದೆ, ಮತ್ತು ಆ ಯಂತ್ರದ ಮೇಲೆ ನಾನು ಯಾರನ್ನೂ ಬೀಳಿಸುವುದಿಲ್ಲ.

ಮನೆಯಲ್ಲಿ ನನ್ನಂಥ ಹಿರಿಯರಿರುವ ಕೇಳುಗರಿಗೆ ಒಂದು ಮಾತು. ಅವರ ಸೈಕಲ್ಲಿನ ಬೀಗದ ಕೈಯನ್ನು ಬಚ್ಚಿಡಬೇಡಿ. ಕಸಿದುಕೊಂಡದ್ದನ್ನು ಮನಸ್ಸು ಬಿಡುವುದಿಲ್ಲ. ಅವರು ಬಿದ್ದಾಗ ಹೇಳಿಕೊಳ್ಳುವಂಥ ಒಂದು ಸ್ಥಳ ಮನೆಯಲ್ಲಿರಲಿ. ಹಿರಿಯರಿಗೂ ಒಂದು ಮಾತು: ನಮಗೇನೂ ಆಗಲಿಲ್ಲವೆಂಬುದು ಮುಂದುವರಿಯಲು ಕಾರಣವಲ್ಲ. ನಮ್ಮ ದೆಸೆಯಿಂದ ಇತರರಿಗೆ ಏನಾಗಬಹುದಾಗಿತ್ತು ಎಂದೂ ಕೇಳಿಕೊಳ್ಳಬೇಕು. ಏರುವ ಹೊತ್ತನ್ನು ಇತರರು ಹೇಳಿಕೊಡುತ್ತಾರೆ. ಇಳಿಯುವ ಹೊತ್ತನ್ನು ನಾವೇ ಕಂಡುಕೊಳ್ಳಬೇಕು. ಮರ ತಬ್ಬುವುದಕ್ಕೆ ಮೊದಲೇ ಕಂಡುಕೊಂಡರೆ ಲೇಸು. ನಾನು ಸ್ವಲ್ಪ ತಡಮಾಡಿದೆ. ಒಂದು ಮಗುವಿನ ಅಂಗೈಯ ಚರ್ಮ ಅದಕ್ಕೆ ತೆತ್ತ ಸುಂಕ.

ಈಗ ಬೆಳಗ್ಗೆ ಕುಕ್ಕರಹಳ್ಳಿ ಕೆರೆಯ ಕಡೆ ನಡೆಯುತ್ತೇನೆ. ಸೈಕಲ್ಲಿನ ಮೇಲಿದ್ದಾಗ ಕಾಣದಿದ್ದ ಎಷ್ಟೋ ಮನೆಗಳ ಹೆಸರುಗಳನ್ನು ಓದುತ್ತೇನೆ. ಹಿಂದೆ ಕೈಬೀಸಿ ಹೋಗುತ್ತಿದ್ದವರ ಜೊತೆ ನಿಂತು ಮಾತಾಡುತ್ತೇನೆ. ಇದು ಸೈಕಲ್ಲಿಗೆ ಸಮವೆಂದು ನಾನು ಹೇಳುವುದಿಲ್ಲ. ಇಳಿಜಾರಿನಲ್ಲಿ ಕಾಲು ಆಡಿಸದೆ ಗಾಳಿಗೆ ಮುಖವೊಡ್ಡಿ ಜಾರಿ ಬರುವ ಸುಖಕ್ಕೆ ನಡಿಗೆಯಲ್ಲಿ ಬದಲಿಲ್ಲ. ಇದ್ದದ್ದು ಇದ್ದಷ್ಟು ಎಂದು ಇಟ್ಟುಕೊಂಡಿದ್ದೇನೆ.

ಹೋದ ವಾರ ಹಾಗೆ ನಡೆಯುತ್ತಿದ್ದಾಗ ಹಿಂದಿನಿಂದ ಗಂಟೆಯ ಸದ್ದು ಕೇಳಿಸಿತು. ಒಂದು ಪೂರ್ತಿ ಸದ್ದು, ಒಂದು ಅರ್ಧ ಸದ್ದು. ನಾನು ನಿಂತು, ಕುತ್ತಿಗೆಯ ಬದಲು ಇಡೀ ಮೈಯನ್ನೇ ತಿರುಗಿಸಿ ನೋಡಿದೆ. ಸೊಪ್ಪು ಮಾರುವ ಯುವಕನೊಬ್ಬ, ಕ್ಯಾರಿಯರಿನ ಮೇಲೆ ದಂಟು, ಮೆಂತ್ಯ, ಸಬ್ಬಸಿಗೆಯ ಕಟ್ಟುಗಳನ್ನು ಎತ್ತರಕ್ಕೆ ಹೇರಿಕೊಂಡು ಬರುತ್ತಿದ್ದ. ಚೈನಿಗೆ ಹೊಸದಾಗಿ ಎಣ್ಣೆ ಬಿದ್ದಿತ್ತು. “ಸ್ವಲ್ಪ ಪಕ್ಕಕ್ಕೆ ಬನ್ನಿ, ಯಜಮಾನ್ರೇ” ಎಂದ. ನಲವತ್ತು ವರ್ಷ ಆ ಗಂಟೆಯನ್ನು ನಾನು ಇತರರಿಗಾಗಿ ಬಾರಿಸಿದ್ದೆ. ಈಗ ಅದು ನನಗಾಗಿ ಬಾರಿಸಿತು. ಪಕ್ಕಕ್ಕೆ ಸರಿದು ದಾರಿ ಬಿಟ್ಟೆ.



(ಬಾನುಲಿ ಭಾಷಣ)